ಚಪ್ಪಾಳೆ ತಟ್ಟಿದವರನ್ನೂ ಬರೆ: ಕಿರಿಯ ಬರಹಗಾರ್ತಿಗೊಂದು ಪತ್ರ

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ ಹಸ್ತಪ್ರತಿ ತಲುಪಿತು. ಏಕವಚನದಲ್ಲೇ ಬರೆಯಬೇಕೆಂದು ನೀನೇ ಕೇಳಿಕೊಂಡಿದ್ದರಿಂದ ಹಾಗೆಯೇ ಬರೆಯುತ್ತಿದ್ದೇನೆ. ಅಧ್ಯಾಯಗಳು ಉದ್ದವಾದವೇ, ಸಂಭಾಷಣೆಯಲ್ಲಿ ಆಡುಮಾತು ಹೆಚ್ಚಾಯಿತೇ ಎಂದೆಲ್ಲ ಕೇಳಿದ್ದೀಯೆ. ಅವನ್ನು ನೀನೇ ಗಟ್ಟಿಯಾಗಿ ಓದಿಕೊಂಡು ಸರಿಪಡಿಸಿಕೊಳ್ಳಬಲ್ಲೆ. ನನ್ನನ್ನು ಕಾಡಿದ್ದು ಪತ್ರದ ಕೊನೆಯ ಸಾಲುಗಳು. ಹಣ ಪಡೆದು ಆಟವನ್ನು ಮಾರಿಕೊಂಡ ನಿನ್ನ ಕಥಾನಾಯಕನಿಗೆ ನೀನು ಕೊಟ್ಟ ಶಿಕ್ಷೆ ಸಾಲದೆಂದು ಓದಿದ ಗೆಳೆಯರೆಲ್ಲ ಹೇಳಿದರೆಂದೂ, ಅವನನ್ನು ಇನ್ನಷ್ಟು ನರಳಿಸಲು ಕೈ ಬಾರದ್ದರಿಂದ ನೀನು ಬರಹಗಾರ್ತಿಯೇ ಅಲ್ಲವೇನೋ ಎಂಬ ಅನುಮಾನ ಹುಟ್ಟಿದೆಯೆಂದೂ ಬರೆದಿದ್ದೀಯೆ. ಕೈ ಬಾರದಿರುವುದು ನಿನ್ನಲ್ಲಿರುವ ಒಳ್ಳೆಯ ಲಕ್ಷಣ. ಆದರೆ ಅದೇಕೆ ಬರುತ್ತಿಲ್ಲವೆಂದು ನೀನು ಒಂದು ಗಳಿಗೆಯೂ ಕೂತು ಯೋಚಿಸಿಲ್ಲ, ಅದು ನನಗೆ ಬೇಸರ ತಂದಿದೆ.

ನಿನ್ನ ಕಥೆ ಅವನು ಸಿಕ್ಕಿಬಿದ್ದ ದಿನದಿಂದ ಆರಂಭವಾಗುತ್ತದೆ. ಮೊದಲ ಪುಟದಲ್ಲಿಯೇ ಊರು ಸಿಟ್ಟಿಗೆದ್ದು ನಿಂತಿದೆ. ಹಿಂದಿನ ದಿನದವರೆಗೆ ಆ ಊರು ಏನು ಮಾಡುತ್ತಿತ್ತು? ಅವನ ಹೆಸರನ್ನು ಯಾವ ಮಗುವಿಗೆ ಇಟ್ಟಿತ್ತು, ಅವನ ಚಿತ್ರವನ್ನು ಯಾವ ಅಂಗಡಿಯ ಗೋಡೆಗೆ ಅಂಟಿಸಿತ್ತು? ಇದೊಂದೂ ನಿನ್ನ ಇನ್ನೂರು ಪುಟಗಳಲ್ಲಿ ಇಲ್ಲ. ಇಲ್ಲದ್ದರಿಂದಲೇ ನಿನ್ನ ಜನರ ಕೋಪಕ್ಕೆ ಬೇರಿಲ್ಲ, ಅದು ಎಲ್ಲಿಂದಲೋ ಬಂದು ಅವನ ಮೇಲೆ ಬೀಳುತ್ತದೆ.

ನೀನು ಹುಟ್ಟುವುದಕ್ಕೆ ಮುಂಚಿನ ಮಾತೊಂದನ್ನು ಹೇಳುತ್ತೇನೆ. 2000ದ ಮಾರ್ಚ್ ಮೊದಲ ವಾರದಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ಟೆಸ್ಟ್ ಪಂದ್ಯ ನಡೆಯಿತು. ಭಾರತ ಇನಿಂಗ್ಸ್ ಮತ್ತು 71 ರನ್ನುಗಳಿಂದ ಸೋತಿತು. ಆ ಹೀನಾಯ ಸೋಲಿನ ನಡುವೆ ಮೊಹಮ್ಮದ್ ಅಜರುದ್ದೀನ್ ಎರಡನೆಯ ಇನಿಂಗ್ಸಿನಲ್ಲಿ 102 ರನ್ ಹೊಡೆದರು. ಆಫ್ ಸ್ಟಂಪಿನ ಹೊರಗಿನ ಚೆಂಡನ್ನು ಮಣಿಕಟ್ಟಿನ ಒಂದೇ ತಿರುವಿನಿಂದ ಲೆಗ್ ಬದಿಗೆ ಕಳಿಸುವ ಆ ಸೊಗಸಿಗೆ, ಪಂದ್ಯ ಕೈಬಿಟ್ಟುಹೋಗಿದೆಯೆಂದು ಗೊತ್ತಿದ್ದೂ, ಗ್ಯಾಲರಿಯಲ್ಲಿ ಎಲ್ಲರೂ ಎದ್ದು ನಿಂತಿದ್ದರು, ನಾನೂ ನಿಂತಿದ್ದೆ. 1984-85ರಲ್ಲಿ ಆಡಿದ ಮೊದಲ ಮೂರು ಟೆಸ್ಟುಗಳಲ್ಲೂ ಶತಕ ಬಾರಿಸಿ ಬಂದ ಆ ಆಟಗಾರನಿಗೆ ಅದು 99ನೆಯ ಟೆಸ್ಟ್ ಮತ್ತು ಕೊನೆಯ ಟೆಸ್ಟ್.

ಏಪ್ರಿಲ್ 7ರಂದು ದೆಹಲಿ ಪೊಲೀಸರು ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆ, ಪಂದ್ಯಗಳ ಮೇಲೆ ಬಾಜಿ ಕಟ್ಟಿಸುವ ಬುಕ್ಕಿಯೊಂದಿಗೆ ಹಣಕ್ಕೆ ಆಟ ಮಾರಿಕೊಳ್ಳುವ ಬಗ್ಗೆ ನಡೆಸಿದ ಸಂಭಾಷಣೆಯನ್ನು ಬಹಿರಂಗಪಡಿಸಿದರು. ಮೊದಲು ಎಲ್ಲವನ್ನೂ ಅಲ್ಲಗಳೆದ ಕ್ರೋನಿಯೆ ನಾಲ್ಕೇ ದಿನಗಳಲ್ಲಿ ತಾನು ಪೂರ್ತಿ ಪ್ರಾಮಾಣಿಕನಾಗಿರಲಿಲ್ಲವೆಂದು ಒಪ್ಪಿಕೊಂಡು ನಾಯಕತ್ವ ಕಳೆದುಕೊಂಡರು. ವರ್ಷ ಮುಗಿಯುವಷ್ಟರಲ್ಲಿ ಅವರಿಗೆ ಅವರ ದೇಶದಲ್ಲಿ, ಇದೇ ಹಗರಣದ ಸಿಬಿಐ ವರದಿಯ ನಂತರ ಅಜರುದ್ದೀನ್ ಅವರಿಗೆ ನಮ್ಮಲ್ಲಿ ಆಜೀವ ನಿಷೇಧ ಬಂತು. ನನ್ನ ಬೀದಿಯ ಕ್ಷೌರದಂಗಡಿಯ ಗೋಡೆಯಿಂದ ಒಂದು ಚಿತ್ರ ಮಾಯವಾಯಿತು. ಅಲ್ಲಿ ಕೂತವರೆಲ್ಲ ಒಂದೇ ಮಾತು ಆಡತೊಡಗಿದರು: ‘ನನಗೆ ಮೊದಲೇ ಗೊತ್ತಿತ್ತು.’ ಆ ಮಾತು ಸುಳ್ಳೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಅವರಲ್ಲಿ ಕೆಲವರು ಆ ಶತಕದ ದಿನ ನನ್ನ ಪಕ್ಕದಲ್ಲೇ ನಿಂತು ಕೂಗಿದ್ದರು.

ತಂಗಿ, ನಾನು ಹೇಳಬೇಕಾಗಿರುವುದು ಇಷ್ಟೇ. ಬಿದ್ದ ದೊಡ್ಡವರನ್ನು ದಂಡಿಸಬೇಕೆಂಬ ಜನರ ಹಸಿವಿನಲ್ಲಿ ನ್ಯಾಯದ ಪಾಲು ಇದೆ, ಇಲ್ಲವೆನ್ನುವುದಿಲ್ಲ; ಮೋಸಹೋದವರಿಗೆ ಕೋಪ ಬರಲೇಬೇಕು. ಆದರೆ ಅದರ ಜೊತೆಗೇ, ತಾವು ಅವನನ್ನು ಆರಾಧಿಸಿದ್ದೆವೆಂಬ ಗುರುತನ್ನು ಅಳಿಸಿಹಾಕುವ ಆತುರವೂ ಬೆರೆತಿರುತ್ತದೆ. ಭಕ್ತಿ ಹೆಚ್ಚಿದ್ದಷ್ಟೂ ಕಲ್ಲು ದೊಡ್ಡದಾಗುತ್ತದೆ. ಈ ಎರಡನ್ನೂ ಬೇರೆ ಬೇರೆಯಾಗಿ ಕಾಣುವ ಕಣ್ಣು ಬರಹಗಾರರಿಗೆ ಇರಬೇಕು, ಮತ್ತು ಹಳೆಯ ಮೆಚ್ಚುಗೆಯನ್ನು ಇದ್ದದ್ದು ಇದ್ದ ಹಾಗೆ ನೆನಪಿಟ್ಟುಕೊಳ್ಳುವ ಪ್ರಾಮಾಣಿಕತೆ ಇರಬೇಕು. ಬೇರೆ ಯಾರೂ ಅದನ್ನು ನೆನಪಿಟ್ಟುಕೊಳ್ಳುವುದಿಲ್ಲ.

ಆ ಚಳಿಗಾಲದಲ್ಲಿ ಒಂದು ವಾರಪತ್ರಿಕೆ ನನ್ನಿಂದ ಲೇಖನ ಕೇಳಿತು. ನಾನು ಆ 102 ರನ್ನುಗಳ ಬಗ್ಗೆ, ಅವುಗಳನ್ನು ಇನ್ನು ಮುಂದೆ ಹೇಗೆ ನೆನೆಯಬೇಕೆಂಬ ಸಂಕಟದ ಬಗ್ಗೆ ಬರೆದೆ. ಸಂಪಾದಕರು ಆ ಭಾಗವನ್ನೆಲ್ಲ ಕತ್ತರಿಸಿ, ಇಂಥವರನ್ನು ನಡುಬೀದಿಯಲ್ಲಿ ನಿಲ್ಲಿಸಬೇಕೆಂಬ ಅರ್ಥದ ಒಂದು ವಾಕ್ಯವನ್ನು ಕೊನೆಗೆ ತಾವೇ ಸೇರಿಸಿ, ಕೆಳಗೆ ನನ್ನ ಹೆಸರು ಹಾಕಿ ಅಚ್ಚು ಮಾಡಿದರು. ಅದೇ ಪತ್ರಿಕೆ ಹಿಂದೆ ಅದೇ ಆಟಗಾರನ ಬಣ್ಣದ ಚಿತ್ರವನ್ನು ನಡುಪುಟದಲ್ಲಿ ಕೊಟ್ಟು ಪ್ರತಿಗಳನ್ನು ಮಾರಿಕೊಂಡಿತ್ತು. ಆ ವಾಕ್ಯವನ್ನು ಮೆಚ್ಚಿ ಬಂದ ಓದುಗರ ಪತ್ರಗಳು ಇಂದಿಗೂ ನನ್ನನ್ನು ಚುಚ್ಚುತ್ತವೆ. ಆ ಸಂಪಾದಕರನ್ನು ನಾನು ಈವರೆಗೆ ಕ್ಷಮಿಸಿಲ್ಲ, ಕ್ಷಮಿಸುವ ಇರಾದೆಯೂ ಇಲ್ಲ.

ನಿನ್ನ ಗೆಳೆಯರು ಕೇಳುವ ದೊಡ್ಡ ಶಿಕ್ಷೆಯ ಇನ್ನೊಂದು ದೋಷವೆಂದರೆ ಅದಕ್ಕೆ ಗುರಿಯಿಲ್ಲ. ಅದೇ ವರ್ಷ ಆರೋಪ ಕಪಿಲ್ ದೇವ್ ಮೇಲೂ ಬಂತು. ಆ ಮನುಷ್ಯ ಟಿವಿ ಸಂದರ್ಶನದಲ್ಲಿ ಬಿಕ್ಕಿ ಬಿಕ್ಕಿ ಅತ್ತಾಗ, ಅದು ನಾಟಕವೆಂದವರೂ ಇದ್ದರು. ಸಿಬಿಐಗೆ ಅವರ ವಿರುದ್ಧ ಪುರಾವೆ ಸಿಗಲಿಲ್ಲ. ಆರೋಪ ಹೊರಿಸಿದ ಮಾಜಿ ಆಟಗಾರ ಮನೋಜ್ ಪ್ರಭಾಕರ್ ಅವರಿಗೇ ಐದು ವರ್ಷಗಳ ನಿಷೇಧವಾಯಿತು. ನಾಟಕವೆಂದವರಲ್ಲಿ ಒಬ್ಬರೂ ತಮ್ಮ ಮಾತನ್ನು ಹಿಂತೆಗೆದುಕೊಂಡದ್ದನ್ನು ನಾನು ಕೇಳಲಿಲ್ಲ. 2012ರಲ್ಲಿ ಆಂಧ್ರಪ್ರದೇಶ ಹೈಕೋರ್ಟು ಅಜರುದ್ದೀನ್ ಮೇಲಿನ ನಿಷೇಧ ಕಾನೂನಿನಲ್ಲಿ ನಿಲ್ಲುವಂಥದ್ದಲ್ಲವೆಂದು ಹೇಳಿತು. ಅಷ್ಟರೊಳಗೆ ಮೊರಾದಾಬಾದಿನ ಮತದಾರರು ಅವರನ್ನು ಲೋಕಸಭೆಗೂ ಆರಿಸಿ ಕಳಿಸಿದ್ದರು.

ಕ್ರೋನಿಯೆಯ ವಿಷಯದಲ್ಲಿ ನನ್ನನ್ನು ಹೆಚ್ಚು ನೋಯಿಸಿದ್ದು ಹಣವಲ್ಲ. ಬುಕ್ಕಿಯ ಕೆಲಸಕ್ಕೆ ಅವರು ನಾಗಪುರದ ಏಕದಿನ ಪಂದ್ಯಕ್ಕೆ ಮುಂಚೆ ಒಲಿಸಿಕೊಂಡದ್ದು ಹರ್ಷೆಲ್ ಗಿಬ್ಸ್ ಮತ್ತು ಹೆನ್ರಿ ವಿಲಿಯಮ್ಸ್ ಎಂಬ ಇಬ್ಬರು ಆಟಗಾರರನ್ನು. ಬಿಳಿಯರಲ್ಲದವರಿಗೆ ದೇಶದ ತಂಡದ ಬಾಗಿಲು ಆಗಷ್ಟೇ ತೆರೆದಿದ್ದ ಕಾಲದಲ್ಲಿ ಆ ತಂಡಕ್ಕೆ ಬಂದಿದ್ದವರು ಅವರು. ನಾಯಕನೇ ಕೇಳಿದರೆ ಇಲ್ಲವೆನ್ನುವುದು ಅವರಿಗೆ ಎಷ್ಟು ಕಷ್ಟವಿದ್ದೀತು! ಇಪ್ಪತ್ತಕ್ಕಿಂತ ಕಡಿಮೆ ರನ್ನಿಗೆ ಔಟಾಗಲು 15,000 ಡಾಲರಿಗೆ ಒಪ್ಪಿದ್ದ ಗಿಬ್ಸ್ ಮೈದಾನಕ್ಕಿಳಿದು 74 ರನ್ ಹೊಡೆದುಬಿಟ್ಟರು. ಇಬ್ಬರಿಗೂ ಆರು ತಿಂಗಳ ನಿಷೇಧವಾಯಿತು. ಒಪ್ಪಿದವನು ಕ್ರೀಸಿಗೆ ಬಂದು ಮಾತು ಮುರಿದ ಆ ಗಳಿಗೆಯಲ್ಲಿ ಒಂದು ಇಡೀ ಕಾದಂಬರಿ ಇದೆ. ‘ನೇಣಿಗೇರಿಸಿ’ ಎನ್ನುವ ಗದ್ದಲದಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. 2002ರ ಜೂನ್ 1ರಂದು ಕ್ರೋನಿಯೆ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಅವರ ದೇಶ ಅತ್ತಿತು. ಅತ್ತವರಲ್ಲಿ ಶಪಿಸಿದವರೂ ಇದ್ದಿರಲೇಬೇಕು. ಅಂಥ ಒಬ್ಬರನ್ನು ನಿನ್ನ ಕಥೆಯಲ್ಲಿ ತರಲು ಸಾಧ್ಯವೇ, ಯೋಚಿಸು.

ನಿನ್ನ ನಾಯಕನ ಅಪರಾಧವನ್ನು ಹಗುರಮಾಡೆಂದು ನಾನು ಹೇಳುತ್ತಿಲ್ಲ. ಅವನು ಮಾಡಿದ್ದು ದ್ರೋಹ, ಅದು ದ್ರೋಹವಾಗಿಯೇ ಉಳಿಯಲಿ. ಅವನಿಗೆ ಕಣ್ಣೀರಿನ ಪಶ್ಚಾತ್ತಾಪವನ್ನೂ ಅಂಟಿಸಬೇಡ, ಅದೂ ಓದುಗರನ್ನು ಮೆಚ್ಚಿಸುವ ದಾರಿಯೇ. ಕೊನೆಯ ಅಧ್ಯಾಯದಲ್ಲಿ ಜನ ಅವನ ಮನೆಯ ಮುಂದೆ ಸೇರುವ ದೃಶ್ಯವನ್ನು ಈಗ ನೀನು ಗುಂಪಿನೊಳಗೆ ನಿಂತು, ಗುಂಪಿನ ಸಂತೋಷವನ್ನು ಹಂಚಿಕೊಂಡು ಬರೆದಿದ್ದೀಯೆ. ಅದನ್ನು ತೆಗೆದುಹಾಕು. ಅದರ ಬದಲು ಹೊಸದೊಂದು ಮೊದಲ ಅಧ್ಯಾಯ ಬರೆ: ಅವನು ಗೆದ್ದು ಬಂದ ದಿನ, ಮೆರವಣಿಗೆ, ಹಾರ ಹಾಕಲು ನೂಕುನುಗ್ಗಲು. ಮುಂದೆ ಕಲ್ಲೆತ್ತುವ ಪ್ರತಿಯೊಬ್ಬರನ್ನೂ ಆ ಮೆರವಣಿಗೆಯಲ್ಲಿ ಹೆಸರು ಹಿಡಿದು ನಿಲ್ಲಿಸು, ಅವರ ಸಂತೋಷ ಅಪ್ಪಟವಾಗಿರಲಿ. ನಿನ್ನ ನಿರೂಪಕಿಯೂ ಅಲ್ಲಿರಲಿ.

ಇದಕ್ಕೆ ಎರಡು ತಿಂಗಳು ಹಿಡಿದರೂ ಚಿಂತೆಯಿಲ್ಲ. ಅಷ್ಟು ದಿನ ಆ ಗೆಳೆಯರಿಗೆ ಒಂದು ಪುಟವನ್ನೂ ತೋರಿಸಬೇಡ. ಮೊದಲ ಅಧ್ಯಾಯ ಮುಗಿದ ಕೂಡಲೇ, ತಿದ್ದುವುದಕ್ಕೆ ಕೂರದೆ, ನನಗೆ ಕಳಿಸು.

ಆಶೀರ್ವಾದಗಳೊಂದಿಗೆ,
ನಿನ್ನ ಅಣ್ಣ