ಹೂವಿನ ತೊಟ್ಟಿನ ಪಾಠ: ಏಳನೇ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು. ಮುಂದಿನ ಎರಡು ವಾರ ವಿಜ್ಞಾನ ತರಗತಿಯಲ್ಲಿ ನಿಮ್ಮ ಮಕ್ಕಳು ಹೂವಿನ ತೊಟ್ಟುಗಳನ್ನು ಅಭ್ಯಾಸ ಮಾಡಲಿದ್ದಾರೆ. ತೊಟ್ಟಿನಲ್ಲಿ ಎರಡು ವಾರ ಕಲಿಯುವಂಥದ್ದು ಏನಿದೆ ಎಂದು ನಿಮಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಮಕ್ಕಳು ಬರೆದ ಹೂವಿನ ಚಿತ್ರಗಳನ್ನು ಒಮ್ಮೆ ನೋಡಿ. ಎಸಳಿಗೆ ಬಗೆಬಗೆಯ ಬಣ್ಣ, ಕೇಸರಗಳಿಗೆ ಎಚ್ಚರಿಕೆಯಿಂದ ಇಟ್ಟ ಚುಕ್ಕಿ, ಅವುಗಳ ಕೆಳಗೆ ಸ್ಕೇಲಿಟ್ಟು ಎಳೆದ ಹಸಿರು ಗೆರೆ. ದಾಸವಾಳಕ್ಕೂ ಅದೇ ಗೆರೆ, ಸಾಸಿವೆಗೂ ಅದೇ ಗೆರೆ.

ಮೊದಲ ಪಾಠ ಸರಳ. ಗೊಂಚಲಿನಲ್ಲಿ ಒಂದೊಂದೇ ಹೂವನ್ನು ಹೊತ್ತದ್ದು ತೊಟ್ಟು, ಇಡೀ ಗೊಂಚಲನ್ನು ಹೊತ್ತದ್ದು ಹೂದಂಟು. ತೊಟ್ಟುಗಳ ಉದ್ದ ಮತ್ತು ಅವು ಹೊರಡುವ ಜಾಗ ಬದಲಾದರೆ ಗೊಂಚಲಿನ ರೂಪವೇ ಬದಲಾಗುತ್ತದೆ. ಈರುಳ್ಳಿಯಲ್ಲಿ ದಂಟಿನ ತುದಿಯ ಒಂದೇ ಜಾಗದಿಂದ ತೊಟ್ಟುಗಳೆಲ್ಲ ಸುತ್ತಲೂ ಚಿಮ್ಮುವುದರಿಂದ ಗೊಂಚಲು ಗುಂಡಗಾಗುತ್ತದೆ. ಸಾಸಿವೆಯಲ್ಲಿ ಅವು ದಂಟಿನುದ್ದಕ್ಕೂ ಒಂದರ ಮೇಲೊಂದು ಹೊರಡುತ್ತವೆ. ಕೆಳಗಿನ ಹೂ ಕಾಯಿಯಾಗುವಾಗ ತುದಿಯಲ್ಲಿ ಇನ್ನೂ ಮೊಗ್ಗು. ಉತ್ತರಾಣಿಯಲ್ಲಿ ತೊಟ್ಟೇ ಇಲ್ಲ, ಹೂಗಳು ನೇರವಾಗಿ ದಂಟಿಗೆ ಅಂಟಿಕೊಂಡಿರುತ್ತವೆ. ಚೆಂಡುಹೂವಿನ ಕೆಳಗಿರುವುದು ತೊಟ್ಟಲ್ಲ, ಹೂದಂಟು, ಏಕೆಂದರೆ ಚೆಂಡುಹೂ ಹಲವಾರು ಪುಟ್ಟ ಹೂಗಳ ಗುಂಪು. ಇದನ್ನು ಹೇಳಿದರೆ ಮಕ್ಕಳು ಕೂಡಲೇ ಒಪ್ಪುವುದಿಲ್ಲ. ಒಪ್ಪಬೇಕಾಗಿಯೂ ಇಲ್ಲ, ಬಿಡಿಸಿ ನೋಡಲಿ.

ತೊಟ್ಟಿನಂತೆ ಕಾಣುವುದೆಲ್ಲ ತೊಟ್ಟಲ್ಲ. ನೆಲಕ್ಕುದುರಿದ ಪಾರಿಜಾತದ ಕೇಸರಿ ಬಣ್ಣದ ಕಡ್ಡಿ, ಬಿಳಿ ಎಸಳುಗಳೇ ಬುಡದಲ್ಲಿ ಕೂಡಿಕೊಂಡು ಆದ ಕೊಳವೆ. ನೆಲಗಡಲೆಯಲ್ಲಿ ಹೂವಿನ ತೊಟ್ಟು ಮಣ್ಣಿಗಿಳಿಯುತ್ತದೆ ಎಂದು ದೊಡ್ಡವರೂ ಹೇಳುವುದುಂಟು. ಇಳಿಯುವುದು ಪರಾಗಸ್ಪರ್ಶ, ಗರ್ಭಧಾರಣೆ ಮುಗಿದ ಮೇಲೆ ಅಂಡಾಶಯದ ಬುಡದಿಂದ ಬೆಳೆಯುವ ಊಡು ಎಂಬ ಕಡ್ಡಿಯಂಥ ಭಾಗ. ಗೇರಿನದು ಇದಕ್ಕೆ ತಿರುಗುಮುರುಗು. ಅಲ್ಲಿ ನಾವು ಹಣ್ಣೆಂದು ತಿಳಿದಿರುವ ಕೆಂಪು, ಹಳದಿ ಭಾಗವೇ ಊದಿಕೊಂಡ ತೊಟ್ಟು. ನಿಜವಾದ ಕಾಯಿ ಅದರ ತುದಿಯಲ್ಲಿ ನೇತಾಡುತ್ತಿರುತ್ತದೆ. ಮೊದಲು ಕಾಯಿ ತನ್ನ ಗಾತ್ರಕ್ಕೆ ಬೆಳೆಯುತ್ತದೆ, ತೊಟ್ಟು ದಪ್ಪವಾಗುವುದು ಆಮೇಲೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತೊಟ್ಟಿನ ಗಂಟು. ಟೊಮೆಟೊ ಗಿಡವಿದ್ದರೆ ಮಗುವಿಗೆ ತೋರಿಸಿ: ತೊಟ್ಟಿನ ನಡುವೆ ಸಣ್ಣ ಉಬ್ಬೊಂದಿದೆ, ಕಾಯಿ ಕಿತ್ತರೆ ಮುರಿಯುವುದು ಅಲ್ಲಿಯೇ. ಹೂವಿನಿಂದ, ಎಳೆಗಾಯಿಯಿಂದ ಆಕ್ಸಿನ್ ಎಂಬ ಹಾರ್ಮೋನು ಕೆಳಗೆ ಹರಿಯುತ್ತಿರುವ ತನಕ ಆ ಜಾಗ ಗಟ್ಟಿಯಾಗಿರುತ್ತದೆ. ಕಾಯಿಕಟ್ಟದ ಹೂವಿನಿಂದ ಆ ಹರಿವು ಕುಗ್ಗುತ್ತದೆ, ಎಥಿಲೀನ್ ಎಂಬ ಇನ್ನೊಂದು ಹಾರ್ಮೋನಿನ ಪ್ರಭಾವ ಹೆಚ್ಚುತ್ತದೆ, ಗಂಟಿನ ಜೀವಕೋಶಗಳ ನಡುವಿನ ಅಂಟು ಕರಗುತ್ತದೆ. ಗಾಳಿ ಹೂವನ್ನು ಉದುರಿಸಿತು ಎಂದು ನಾವು ಹೇಳುವ ಹೊತ್ತಿಗೆ ಗಿಡ ಬಾಗಿಲ ಅಗುಳಿ ತೆಗೆದಾಗಿರುತ್ತದೆ. ಕಾಯಿಯೊಂದಿಗೆ ತೊಟ್ಟಿನ ಚೂರು ಬರಬಾರದೆಂದು ಈ ಗಂಟೇ ಇಲ್ಲದ ಟೊಮೆಟೊ ತಳಿಗಳನ್ನು ಯಂತ್ರದ ಕೊಯ್ಲಿಗಾಗಿ ಬೆಳೆಸಿದ್ದಾರೆ.

ಹತ್ತಿರದಲ್ಲಿ ಕೊಳವಿದ್ದರೆ ನೈದಿಲೆ, ತಾವರೆ ಎರಡನ್ನೂ ಹೋಲಿಸಿ ನೋಡಬಹುದು. ನೈದಿಲೆಯ ಹಲವು ಜಾತಿಗಳಲ್ಲಿ ಪರಾಗಸ್ಪರ್ಶವಾದ ಮೇಲೆ ಹೂದಂಟು ಸುರುಳಿಯಾಗಿ ಕಾಯಿಯನ್ನು ನೀರೊಳಗೆ ಎಳೆದುಕೊಳ್ಳುತ್ತದೆ. ಬೀಜ ಬಲಿಯುವುದು ಅಲ್ಲಿ. ತಾವರೆಯ ಕಾಯಿ ನೀರಿನ ಮೇಲೆಯೇ ಉಳಿಯುತ್ತದೆ. ನೀರಿನ ಅಂಚಿಗೆ ಮಕ್ಕಳನ್ನು ಒಂಟಿಯಾಗಿ ಕಳುಹಿಸಬೇಡಿ.

ಇನ್ನು ನಿಮ್ಮಿಂದ ಬೇಕಾದ ಸಹಕಾರ. ಸೋಮವಾರ ಪ್ರತಿ ಮಗುವೂ ಒಂದು ಹೂಗೊಂಚಲು ತರಲಿ, ಒಂದು ಸಾಕು. ಗಿಡದ ಒಡೆಯರನ್ನು ಕೇಳಿ, ಎಳೆದು ಕೀಳದೆ ಕತ್ತರಿಯಿಂದ ದಂಟು ಸಮೇತ ಕತ್ತರಿಸಲಿ. ಕಣಗಿಲೆ ಮತ್ತು ಎಕ್ಕ ಬೇಡ. ಎರಡೂ ವಿಷಕಾರಿ, ಎಕ್ಕದ ಹಾಲು ಕಣ್ಣಿಗೆ ತಾಗಿದರೆ ತೀವ್ರ ತೊಂದರೆಯಾಗುತ್ತದೆ. ಯಾವ ಗಿಡ ಮುಟ್ಟಿದರೂ ಕೈ ತೊಳೆಯುವುದು ರೂಢಿಯಾಗಲಿ.

ಮನೆಯಲ್ಲಿ ಮಾಡಬಹುದಾದ ಪ್ರಯೋಗವೂ ಒಂದಿದೆ. ಬಿಳಿ ಸೇವಂತಿಗೆಯ ದಂಟನ್ನು ಉದ್ದಕ್ಕೆ ಸೀಳಿ, ಒಂದು ಸೀಳನ್ನು ಬಣ್ಣದ ನೀರಿನಲ್ಲಿ, ಇನ್ನೊಂದನ್ನು ಬರಿಯ ನೀರಿನಲ್ಲಿ ಇಡಿ. ಮರುದಿನದ ಹೊತ್ತಿಗೆ ಹೂವಿನ ಯಾವ ಪಕ್ಕಕ್ಕೆ ಬಣ್ಣ ಏರಿದೆ ಎಂಬುದನ್ನು ಮಗುವೇ ಬರೆದುಕೊಳ್ಳಲಿ. ಸೀಳುವ ಕೆಲಸ ಮಾತ್ರ ನಿಮ್ಮದು.

ದಯವಿಟ್ಟು ಚಿತ್ರವನ್ನು ನೀವು ಬರೆದುಕೊಡಬೇಡಿ. ಅಮ್ಮಂದಿರ, ಅಪ್ಪಂದಿರ ಕೈಬರಹ ಶಿಕ್ಷಕರಿಗೆ ಚೆನ್ನಾಗಿ ಪರಿಚಯವಿದೆ. ಮುದ್ರಿತ ಚಾರ್ಟ್‌ಗಳನ್ನೂ ತೆಗೆದುಕೊಳ್ಳುವುದಿಲ್ಲ. ಮಗುವಿನ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿಲ್ಲದಿದ್ದರೆ ಪುಸ್ತಕದ ಕೊನೆಯ ಪುಟದಲ್ಲಿ ಬರೆಸಿ ಕಳುಹಿಸಿ, ತರಗತಿಯಲ್ಲಿ ಚರ್ಚಿಸುತ್ತೇವೆ.

ಪರಾಗದಿಂದ ಸೀನು, ಉಬ್ಬಸ, ಚರ್ಮದ ತುರಿಕೆ ಬರುವ ಮಕ್ಕಳಿದ್ದರೆ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಿಳಿಸಿ. ಅವರಿಗೆ ಹೂ ಉದುರಿ ಕಾಯಿಕಟ್ಟಿದ ಗೊಂಚಲುಗಳನ್ನು ಕೊಡುತ್ತೇವೆ. ತೊಟ್ಟು ಅದರಲ್ಲೂ ಇರುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ