ಉಳಿದವರಿಗೂ ಸಹಾಯವಾಣಿ ಬೇಕು

ಸಂಪಾದಕರೇ,

‘ಅಮ್ಮ ಬೈದಿದ್ದಕ್ಕೆ ಆತ್ಮಹತ್ಯೆ’, ‘ಅಂಕ ಕಡಿಮೆ ಬಂದಿದ್ದಕ್ಕೆ ಆತ್ಮಹತ್ಯೆ’. ಇಂಥ ತಲೆಬರಹಗಳನ್ನು ಆ ಅಮ್ಮನೂ ಓದುತ್ತಾಳೆ ಅಲ್ವಾ? ಒಂದೇ ಕಾರಣಕ್ಕೆ ಗಂಟು ಹಾಕಿ ಬರೆಯಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಪತ್ರಕರ್ತರಿಗಾಗಿಯೇ ಕೈಪಿಡಿ ಮಾಡಿದೆ, 2023ರಲ್ಲಿ ಅದರ ಹೊಸ ಆವೃತ್ತಿಯೂ ಬಂದಿದೆ. ದಯವಿಟ್ಟು ಒಮ್ಮೆ ನೋಡಿ.

ನನ್ನ ಮಗಳು ಹೋದ ಮೇಲೆ ಮನೆಗೆ ಬಂದವರೆಲ್ಲ ಕೇಳಿದ್ದೂ ಅದನ್ನೇ. ಯಾಕೆ ಹೀಗೆ ಮಾಡಿಕೊಂಡಳು? ಗೊತ್ತಿದ್ದರೆ ತಡೆಯುತ್ತಿರಲಿಲ್ವಾ! ಮಗು ಕಾಯಿಲೆಯಿಂದ ಹೋದರೆ ಜನ ಅಳಲು ಬಿಡುತ್ತಾರೆ, ಹೀಗೆ ಹೋದರೆ ಅಳುವ ಮೊದಲು ಉತ್ತರ ಕೊಡಬೇಕು. ನಾವೂ ಹುಡುಕಿದ್ದೇವೆ, ಅವಳ ಹಳೇ ಮೆಸೇಜುಗಳಲ್ಲಿ, ನೋಟ್‌ಬುಕ್ಕುಗಳಲ್ಲಿ, ರಾತ್ರಿಯೆಲ್ಲ ಕೂತು. ಕಷ್ಟ ಏನೆಂದರೆ, ಈಗ ಗೊತ್ತಾಗಿದ್ದೆಲ್ಲ ಅವತ್ತೇ ಗೊತ್ತಿತ್ತೇನೋ ಎನ್ನುವ ಹಾಗೆ ನಮ್ಮನ್ನು ನಾವೇ ವಿಚಾರಣೆ ಮಾಡಿಕೊಳ್ಳುತ್ತೇವೆ.

1969ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ‘ಕಂಪ್ಯಾಷನೇಟ್ ಫ್ರೆಂಡ್ಸ್’ ಅನ್ನುವ, ಮಕ್ಕಳನ್ನು ಕಳೆದುಕೊಂಡವರೇ ಒಬ್ಬರಿಗೊಬ್ಬರು ಆಸರೆಯಾಗುವ ಗುಂಪು ಶುರುವಾಯಿತು. ಮಕ್ಕಳನ್ನು ಕಳೆದುಕೊಂಡ ಎರಡು ಕುಟುಂಬಗಳಿಗೆ ತನ್ನ ಸಾಂತ್ವನಕ್ಕಿಂತ ಅವರವರೇ ಆಡಿಕೊಂಡ ಮಾತು ಹೆಚ್ಚು ಆಸರೆಯಾಗಿದ್ದನ್ನು ಅಲ್ಲಿನ ಆಸ್ಪತ್ರೆಯ ಪಾದ್ರಿಯೊಬ್ಬರು ಕಂಡಿದ್ದರು. ನನ್ನ ಅನುಭವವೂ ಅದೇ. ‘ಸಮಾಧಾನ ಮಾಡ್ಕೊಳ್ಳಿ’ ಅಂದವರಿಗಿಂತ, ಮಗನನ್ನು ಹೀಗೇ ಕಳೆದುಕೊಂಡ ಒಬ್ಬರು ‘ನಿದ್ದೆ ಬರ್ತಿದೆಯಾ, ಏನಾದ್ರೂ ತಿಂದ್ರಾ’ ಅಂತ ಕೇಳಿದ್ದು ಜಾಸ್ತಿ ಕೆಲಸಕ್ಕೆ ಬಂತು. ಅವರು ಮಗನ ಹೆಸರು ಹಿಡಿದೇ ಮಾತಾಡುತ್ತಾರೆ, ಅವನ ತರಲೆಗಳನ್ನು ಹೇಳಿ ನಗುತ್ತಾರೆ ಕೂಡ. ನಮ್ಮ ಮನೆಯಲ್ಲೂ ಈಗ ಅವಳ ಹೆಸರು ಕೇಳಿಸುತ್ತದೆ. ಅವಳ ತಮ್ಮನೂ ಹೇಳುತ್ತಾನೆ. ಪಾಪ, ಮೊದಮೊದಲು ಎಲ್ಲರೂ ಅವನಿಗೆ ‘ಅಪ್ಪ ಅಮ್ಮನ್ನ ನೋಡ್ಕೋ’ ಅಂದವರೇ, ನೀನು ಹೇಗಿದ್ದೀಯ ಅಂತ ಒಬ್ಬರೂ ಕೇಳಲಿಲ್ಲ. ಗಂಡನಿಗೆ ಮಾತು ಬೇಡ, ಕೆಲಸ ಬೇಕು. ಅವರು ಅಳುತ್ತಿಲ್ಲ ಅಂದರೆ ದುಃಖ ಇಲ್ಲ ಅಂತಲ್ಲ, ಇದು ಅರ್ಥವಾಗುವುದಕ್ಕೇ ನನಗೆ ತುಂಬಾ ಸಮಯ ಹಿಡಿಯಿತು.

ಇನ್ನೊಂದು ಮಾತು. ಮಗು ಹೋದ ಮೇಲೆ ನಾನ್ಯಾಕೆ ಇರಬೇಕು ಅನಿಸುವ ಹೊತ್ತು ಬರುತ್ತದೆ. ನನಗೂ ಬಂದಿತ್ತು. ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿದೆ, ಈಗಲೂ ಅವರನ್ನು ಕಾಣುತ್ತೇನೆ. ಸುಮ್ನೆ ನುಂಗಿಕೊಂಡು ಕೂರುವವರು ಎಷ್ಟೋ ಜನ ಇದ್ದಾರೆ. ನೀವು ಸುದ್ದಿಯ ಕೆಳಗೆ ಸಹಾಯವಾಣಿ ನಂಬರ್ ಹಾಕುತ್ತೀರಿ, ಅದರ ಪಕ್ಕ ‘ಮನೆಯವರನ್ನು ಹೀಗೆ ಕಳೆದುಕೊಂಡವರೂ ಕರೆ ಮಾಡಿ’ ಅಂತ ಒಂದು ಸಾಲು ಸೇರಿಸಲು ಆಗುತ್ತದೆಯೇ?

— ಒಬ್ಬ ತಾಯಿ
(ಹೆಸರು ಪ್ರಕಟಿಸಬೇಡಿ)