ರಕ್ತದ ಋಣವನ್ನು ಅರಿತ ಕಾದಂಬರಿ

ಮಾನ್ಯ ಸಂಪಾದಕರೇ,

ಯುವ ಓದುಗರ ಅಭಿರುಚಿಯನ್ನು ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಲೇಖನವು ವ್ಯಾಂಪೈರ್ (ರಕ್ತ ಹೀರಿ ಸಾವಿಲ್ಲದೆ ಬದುಕುವ ಕಲ್ಪಿತ ಜೀವಿ) ಕಾದಂಬರಿಗಳನ್ನೆಲ್ಲ ಒಂದೇ ಕಟ್ಟಿಗೆ ಸೇರಿಸಿ, ಅವು ಸಾಹಿತ್ಯ ವಿಮರ್ಶೆಗೆ ಯೋಗ್ಯವಲ್ಲವೆಂದು ಬದಿಗಿಟ್ಟಿದೆ. ಓದುಗರನ್ನು ಬೆಚ್ಚಿಬೀಳಿಸುವುದನ್ನೇ ಗುರಿಯಾಗಿಸಿಕೊಂಡ ಪುಸ್ತಕಗಳು ಆ ಸಾಲಿನಲ್ಲಿ ಸಾಕಷ್ಟಿವೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ವ್ಯಾಂಪೈರ್ ಆಗಿ ಮಾರ್ಪಟ್ಟ ವ್ಯಕ್ತಿ ಮರುದಿನದಿಂದ ಎಲ್ಲಿ ಮನೆ ಮಾಡಬೇಕು, ಯಾವ ಉದ್ಯೋಗ ಹಿಡಿಯಬೇಕು, ಯಾರಿಂದ ಎಷ್ಟು ಪಡೆದು ಅವರಿಗೆ ಏನನ್ನು ಹಿಂದಿರುಗಿಸಬೇಕು ಎಂಬ ಪ್ರಶ್ನೆಗಳನ್ನು ಶ್ರದ್ಧೆಯಿಂದ ಕೈಗೆತ್ತಿಕೊಂಡ ಕೃತಿಗಳೂ ಅಲ್ಲಿವೆ. ಅಂಥ ಒಂದು ಕಾದಂಬರಿಯನ್ನು, ಅಂದರೆ ಅಮೆರಿಕದ ಕಪ್ಪು ಲೇಖಕಿ ಜುವೆಲ್ ಗೋಮೆಜ್ ಅವರು 1991ರಲ್ಲಿ ಪ್ರಕಟಿಸಿದ ‘ದ ಗಿಲ್ಡಾ ಸ್ಟೋರೀಸ್’ ಅನ್ನು, ನಿಮ್ಮ ಓದುಗರ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ.

ಕಥೆ ತೊಡಗುವುದು 1850ರಲ್ಲಿ, ಅಮೆರಿಕದ ದಕ್ಷಿಣದ ರಾಜ್ಯವಾದ ಲೂಯಿಸಿಯಾನಾದಲ್ಲಿ. ತೋಟದಿಂದ ಓಡಿಬಂದ ಗುಲಾಮ ಹುಡುಗಿಯೊಬ್ಬಳು ನೆಲಮಾಳಿಗೆಯಲ್ಲಿ ಅಡಗಿರುವಾಗ, ಅವಳನ್ನು ಬೆನ್ನಟ್ಟಿ ಬಂದವನೊಬ್ಬ ಆಕ್ರಮಣ ಮಾಡುತ್ತಾನೆ. ಅವಳು ಚಾಕುವಿನಿಂದ ಅವನನ್ನು ಕೊಂದು ತನ್ನನ್ನು ಉಳಿಸಿಕೊಳ್ಳುತ್ತಾಳೆ. ಆ ವರ್ಷಕ್ಕೆ ಅಮೆರಿಕದ ಇತಿಹಾಸದಲ್ಲಿ ವಿಶೇಷ ಅರ್ಥವಿದೆ. ಓಡಿಹೋದ ಗುಲಾಮರನ್ನು ಗುಲಾಮಗಿರಿಯಿಲ್ಲದ ರಾಜ್ಯಗಳಿಂದಲೂ ಹಿಡಿದು ಒಡೆಯರಿಗೆ ಒಪ್ಪಿಸಬೇಕೆಂಬ ಕಠಿಣ ಕಾಯಿದೆಯನ್ನು ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಅಂಗೀಕರಿಸಿದ್ದು 1850ರಲ್ಲಿಯೇ. ಹುಡುಗಿಗೆ ಆಸರೆ ಕೊಡುವವಳು ನ್ಯೂ ಆರ್ಲಿಯನ್ಸ್ ಬಳಿ ವೇಶ್ಯಾಗೃಹವೊಂದನ್ನು ನಡೆಸುವ ಗಿಲ್ಡಾ ಎಂಬ ವ್ಯಾಂಪೈರ್. ಗಿಲ್ಡಾಳ ಸಂಗಾತಿ, ಅಮೆರಿಕದ ಮೂಲನಿವಾಸಿಗಳಾದ ಲಕೋಟಾ ಬುಡಕಟ್ಟಿನ ಬರ್ಡ್, ಹುಡುಗಿಗೆ ಓದುಬರಹ ಕಲಿಸುತ್ತಾಳೆ. ಗುಲಾಮರಿಗೆ ಅಕ್ಷರ ಕಲಿಸಿದವರನ್ನು ಸೆರೆಮನೆಗೆ ಕಳಿಸುವ ಕಾನೂನು ಲೂಯಿಸಿಯಾನಾದಲ್ಲಿ 1830ರಿಂದಲೇ ಇತ್ತೆಂಬುದನ್ನು ನೆನೆದರೆ, ಆ ಪಾಠದ ಪುಟಗಳು ರಕ್ತ ಹೀರುವ ಯಾವ ದೃಶ್ಯಕ್ಕಿಂತಲೂ ಹೆಚ್ಚು ದಿಟ್ಟವಾಗಿ ಕಾಣುತ್ತವೆ. ಅಕ್ಷರ ನಿಷೇಧದ ಕಹಿಯನ್ನು ದಲಿತ ಆತ್ಮಕಥನಗಳ ಮೂಲಕ ಅರಿತಿರುವ ಕನ್ನಡದ ಓದುಗರಿಗೆ ಈ ಭಾಗವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಬದುಕಿನಿಂದ ದಣಿದ ಹಿರಿಯ ಗಿಲ್ಡಾ ಮುಂದೆ ಹುಡುಗಿಯನ್ನು ತನ್ನ ಕುಲಕ್ಕೆ ಸೇರಿಸಿಕೊಂಡು, ತಾನಾಗಿಯೇ ಸಾವನ್ನು ಆರಿಸಿಕೊಳ್ಳುತ್ತಾಳೆ. ಅವಳ ಹೆಸರು ಹುಡುಗಿಗೆ ಉಳಿಯುತ್ತದೆ; ಇಲ್ಲಿಂದ ಮುಂದೆ ಗಿಲ್ಡಾ ಎಂದರೆ ಈ ಹುಡುಗಿಯೇ.

ಈ ಹೊಸ ಬದುಕಿನ ಮೊದಲ ಪಾಠ ಕೊಲ್ಲದಿರುವುದು. ಗಿಲ್ಡಾ ಮಲಗಿರುವವರ ಬಳಿಗೆ ಹೋಗಿ ತನಗೆ ಬೇಕಾದಷ್ಟು ರಕ್ತವನ್ನು ಮಾತ್ರ ಪಡೆಯುತ್ತಾಳೆ, ಗಾಯವನ್ನು ಮಾಯಿಸುತ್ತಾಳೆ. ಅಷ್ಟಕ್ಕೇ ಅವಳ ಕರ್ತವ್ಯ ಮುಗಿಯುವುದಿಲ್ಲ. ಆ ವ್ಯಕ್ತಿಯ ಮನಸ್ಸನ್ನು ಹೊಕ್ಕು, ಅವರಿಗಿರುವ ಕೊರತೆ ಏನೆಂದು ಅರಿತು, ಒಂದು ಕನಸನ್ನೋ, ಒಂದು ಧೈರ್ಯವನ್ನೋ, ಬಹಳ ದಿನಗಳಿಂದ ಬಗೆಹರಿಯದಿದ್ದ ತೊಡಕಿಗೆ ಒಂದು ದಾರಿಯನ್ನೋ ಅಲ್ಲಿ ಬಿಟ್ಟು ಬರಬೇಕು. ಪಡೆದದ್ದಕ್ಕೆ ಪ್ರತಿಯಾಗಿ ಕೊಡದಿದ್ದರೆ ಅದು ಕಳ್ಳತನ ಎಂಬುದು ಅವಳ ಕುಲದ ನಿಯಮ. ಇನ್ನೊಬ್ಬರ ದೇಹದಿಂದ ದುಡಿಮೆಯನ್ನು ಹಿಂಡಿ ಏನನ್ನೂ ಕೊಡದ ವ್ಯವಸ್ಥೆಯಿಂದ ತಪ್ಪಿಸಿಕೊಂಡು ಬಂದವಳು, ಇನ್ನೊಬ್ಬರ ದೇಹವನ್ನೇ ಅವಲಂಬಿಸಿ ಬದುಕಬೇಕಾಗಿ ಬಂದಾಗ ಯಾವ ನೀತಿಯನ್ನು ಕಟ್ಟಿಕೊಳ್ಳುತ್ತಾಳೆ? ನನ್ನ ಓದಿನಲ್ಲಿ ಇಡೀ ಕಾದಂಬರಿ ನಿಂತಿರುವುದು ಈ ಪ್ರಶ್ನೆಯ ಮೇಲೆ. ಅದನ್ನು ಗೋಮೆಜ್ ಭಾಷಣವಾಗಿಸದೆ, ಪ್ರತಿ ರಾತ್ರಿಯ ಆಹಾರದ ವಿಚಾರವಾಗಿಯೇ ಮತ್ತೆ ಮತ್ತೆ ಎದುರಿಗಿಡುತ್ತಾರೆ. ನಿದ್ರಿಸುತ್ತಿರುವವರ ಒಪ್ಪಿಗೆಯನ್ನು ಕೇಳಿದವರು ಯಾರು ಎಂಬ ಆಕ್ಷೇಪ ಓದುಗರಲ್ಲಿ ಏಳದೆ ಇರದು, ಏಳಲೂ ಬೇಕು. ಕೃತಿ ಅದಕ್ಕೆ ಪೂರ್ತಿ ಸಮಾಧಾನ ಹೇಳುವುದಿಲ್ಲವೆಂದೇ ನನ್ನ ಅಭಿಪ್ರಾಯ.

ಇದೇ ಲೂಯಿಸಿಯಾನಾದ ಹಿನ್ನೆಲೆಯಲ್ಲಿ ಆನ್ ರೈಸ್ ಅವರು 1976ರಲ್ಲಿ ಪ್ರಕಟಿಸಿದ ಹೆಸರಾಂತ ಕಾದಂಬರಿ ‘ಇಂಟರ್‌ವ್ಯೂ ವಿತ್ ದ ವ್ಯಾಂಪೈರ್’ ಅನ್ನು ಓದಿದವರಿಗೆ ಗೋಮೆಜ್ ಅವರ ಸಾಧನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿಯ ನಾಯಕ ಲೂಯಿ ನೀಲಿ ಬಣ್ಣ ಕೊಡುವ ಇಂಡಿಗೊ ಬೆಳೆಯ ತೋಟವೊಂದರ ಒಡೆಯ. ಕೊಲ್ಲಲು ಹೇಸಿ, ವರ್ಷಗಳ ಕಾಲ ಪ್ರಾಣಿಗಳ ರಕ್ತದಲ್ಲಿ ಜೀವ ಹಿಡಿದುಕೊಳ್ಳುವ ಅವನ ಸಂಕಟವನ್ನು ರೈಸ್ ಅಸಾಧಾರಣ ಶಕ್ತಿಯಿಂದ ಬರೆದಿದ್ದಾರೆ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅವನ ತೋಟದ ಗುಲಾಮರು ಇನ್ನೊಬ್ಬ ವ್ಯಾಂಪೈರನಿಗೆ ಆಹಾರವಾಗುವಾಗಲೂ ಕಥೆಯ ಕಣ್ಣು ಒಡೆಯನ ಪಾಪಪ್ರಜ್ಞೆಯ ಮೇಲೆಯೇ ಇರುತ್ತದೆ. ಗೋಮೆಜ್ ಅಂಥ ತೋಟದಿಂದ ಓಡಿಹೋದವಳ ಕೈಗೆ ಕಥೆಯನ್ನು ಕೊಟ್ಟರು. ಸ್ಥಾನ ಬದಲಾದೊಡನೆ ಚಿರಂಜೀವಿಯಾಗುವುದರ ಅರ್ಥವೂ ಬದಲಾಗುತ್ತದೆ. ಲೂಯಿಗೆ ಅಮರತ್ವವೆಂಬುದು ಶಾಪ; ಆಯಸ್ಸನ್ನೇ ಇನ್ನೊಬ್ಬರ ಆಸ್ತಿಯಾಗಿ ಲೆಕ್ಕ ಹಾಕಿಸಿಕೊಂಡಿದ್ದ ಗಿಲ್ಡಾಳಿಗೆ ಮುಗಿಯದ ಕಾಲವು ಮೊದಲ ಬಾರಿಗೆ ತನ್ನದೆನ್ನಬಹುದಾದ ಸ್ವತ್ತು.

ಆ ಕಾಲವನ್ನು ಅವಳು ಕಳೆಯುವುದು ಬಹುಪಾಲು ನಗರಗಳಲ್ಲಿ. 1890ರ ಸ್ಯಾನ್ ಫ್ರಾನ್ಸಿಸ್ಕೊ, 1955ರ ಬಾಸ್ಟನ್, 1971ರ ನ್ಯೂಯಾರ್ಕ್ ಹೀಗೆ ಅಧ್ಯಾಯಗಳು ದಶಕಗಳನ್ನು ದಾಟುತ್ತಾ ಸಾಗಿ 2050ರಲ್ಲಿ ಕೊನೆಗೊಳ್ಳುತ್ತವೆ. ಇರುಳಿನಲ್ಲಿ ಎಚ್ಚರವಿರುವವರನ್ನು ನಗರ ಯಾರೆಂದು ಕೇಳುವುದಿಲ್ಲ. ಬಾಸ್ಟನ್ನಿನಲ್ಲಿ ಅವಳು ಹೆಂಗಸರ ಕೇಶಾಲಂಕಾರದ ಅಂಗಡಿ ನಡೆಸುತ್ತಾಳೆ, ನ್ಯೂಯಾರ್ಕಿನಲ್ಲಿ ರಂಗಭೂಮಿಯವರ ಒಡನಾಟದಲ್ಲಿರುತ್ತಾಳೆ. ತನಗೆ ವಯಸ್ಸಾಗುತ್ತಿಲ್ಲವೆಂಬುದು ನೆರೆಹೊರೆಯವರ ಅರಿವಿಗೆ ಬರುವ ಮೊದಲು ಅವಳು ಊರು ಬಿಡಲೇಬೇಕು. ಪ್ರತಿ ಸಲವೂ ಒಂದು ಸ್ನೇಹವಲಯವನ್ನು ಹಿಂದೆ ಬಿಟ್ಟು ಹೊಸದಾಗಿ ಪರಿಚಯ ಬೆಳೆಸಿಕೊಳ್ಳಬೇಕು. ಹುಟ್ಟಿದ ನೆಲದ ಮಣ್ಣನ್ನು ಉಡುಪಿನಲ್ಲಿಯೂ ಹಾಸಿಗೆಯಲ್ಲಿಯೂ ಇಟ್ಟುಕೊಳ್ಳದೆ ಅವಳ ಕುಲದವರು ಬದುಕಲಾರರು. ವ್ಯಾಂಪೈರ್ ಕಥೆಗಳಲ್ಲಿ ಇದು ಹಳೆಯ ಕಟ್ಟಳೆ, ಆದರೆ ಇಲ್ಲಿ ಅದಕ್ಕೆ ಹೊಸ ಭಾರ ಬಂದಿದೆ: ಗಿಲ್ಡಾಳನ್ನು ಕಾಪಾಡುವ ಮಣ್ಣು ಅವಳ ತಾಯಿ ಗುಲಾಮಳಾಗಿ ದುಡಿದ ನೆಲದ ಮಣ್ಣು. ಆ ನೆಲವನ್ನು ದ್ವೇಷಿಸಿ ದೂರವಿರಲು ಅವಳಿಗೆ ಸಾಧ್ಯವಿಲ್ಲ.

ಹೆಣ್ಣನ್ನು ಪ್ರೀತಿಸುವ ಹೆಣ್ಣಾಗಿಯೇ ಗಿಲ್ಡಾ ಈ ಇನ್ನೂರು ವರ್ಷ ಬಾಳುತ್ತಾಳೆ. ಲೇಖಕಿ ಅದನ್ನು ರಹಸ್ಯವಾಗಿಯೋ ಸಮಸ್ಯೆಯಾಗಿಯೋ ಚಿತ್ರಿಸಿಲ್ಲ. ಸಲಿಂಗಿ ಸಾಹಿತ್ಯಕ್ಕೆ ಅಮೆರಿಕದಲ್ಲಿ ನೀಡುವ ಲ್ಯಾಂಬ್ಡಾ ಪ್ರಶಸ್ತಿ ಈ ಕೃತಿಗೆ ಎರಡು ವಿಭಾಗಗಳಲ್ಲಿ ಬಂದಿದೆ. 1921ರ ಮಿಸೌರಿಯ ಅಧ್ಯಾಯ ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಅಲ್ಲಿ ಗಿಲ್ಡಾ ಅರೇಲಿಯಾ ಎಂಬ ವಿಧವೆಯನ್ನು ಪ್ರೀತಿಸುತ್ತಾಳೆ. ಅವಳನ್ನೂ ತನ್ನಂತೆಯೇ ಮಾಡಿಕೊಂಡರೆ ಒಂಟಿತನ ನೀಗುತ್ತದೆ, ಹಾಗೆ ಮಾಡುವ ಶಕ್ತಿಯೂ ಇದೆ. ಆದರೂ ಆ ಊರಿನ ಜನರ ನಡುವೆ ಅರೇಲಿಯಾ ಮಾಡಬೇಕಾದ ಕೆಲಸವಿದೆ, ಅವಳ ಮನುಷ್ಯಜೀವನವನ್ನು ಕಸಿದುಕೊಳ್ಳುವ ಹಕ್ಕು ತನಗಿಲ್ಲ ಎಂದು ತಿಳಿದು ಗಿಲ್ಡಾ ಅಲ್ಲಿಂದ ಹೊರಟುಹೋಗುತ್ತಾಳೆ. ರಕ್ತದ ವಿಷಯದಲ್ಲಿ ಕಲಿತ ಸಂಯಮವನ್ನು ಅವಳು ಪ್ರೀತಿಯಲ್ಲಿಯೂ ಪಾಲಿಸುವ ಈ ಪುಟಗಳನ್ನು ಓದಿದವರು, ಈ ಬಗೆಯ ಬರವಣಿಗೆಗೆ ಮನುಷ್ಯರ ಒಳಗು ತಿಳಿಯದು ಎಂದು ಹೇಳಲಾರರು.

ದೋಷಗಳಿಲ್ಲವೆಂದು ನಾನು ಹೇಳುವುದಿಲ್ಲ. ಅಧ್ಯಾಯಗಳ ನಡುವೆ ದಶಕಗಳು ಜಿಗಿದುಹೋಗುವುದರಿಂದ ಕೆಲವು ಪಾತ್ರಗಳು ಬೇರೂರುವ ಮೊದಲೇ ಮರೆಯಾಗುತ್ತವೆ. ಹೊಡೆದಾಟದ ಸನ್ನಿವೇಶಗಳು ಅವಸರದವು. ಆದರೆ ಪರಿಸರ ಹಾಳಾದ 2050ರ ಜಗತ್ತಿನಲ್ಲಿ ಸಿರಿವಂತ ಮನುಷ್ಯರು ದೀರ್ಘಾಯುಷ್ಯದ ಆಸೆಯಿಂದ ವ್ಯಾಂಪೈರ್‌ಗಳನ್ನೇ ಬೇಟೆಯಾಡಲು ಹೊರಡುವ ಕಲ್ಪನೆ ಎಷ್ಟು ಸಮರ್ಪಕವೆಂದರೆ, ಓಡಿಹೋದ ಗುಲಾಮಳನ್ನು ಬೆನ್ನಟ್ಟಿದವರ ವಂಶ ಇನ್ನೂ ಅಳಿದಿಲ್ಲವೆಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

ಅಲೌಕಿಕ ಜೀವಿಯೊಂದು ನ್ಯಾಯ ಅನ್ಯಾಯಗಳ ಪ್ರಶ್ನೆ ಎತ್ತುವುದು ನಮಗೆ ಹೊಸದೇನೂ ಅಲ್ಲ. ಹನ್ನೊಂದನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಬೇತಾಳ ಹೇಳುವ ಕಥೆಗಳಿವೆ, ‘ಚಂದಮಾಮ’ ಓದಿ ಬೆಳೆದ ತಲೆಮಾರು ಆ ಬೇತಾಳನ ಸವಾಲುಗಳಿಗೆ ಉತ್ತರ ಹುಡುಕುತ್ತಲೇ ದೊಡ್ಡದಾಯಿತು. ಹೆಗಲ ಮೇಲಿನ ಬೇತಾಳನನ್ನು ಶ್ರದ್ಧೆಯಿಂದ ಆಲಿಸಿದ ನಾವು ಇಂದಿನ ತರುಣ ತರುಣಿಯರ ಕೈಯಲ್ಲಿರುವ ಪುಸ್ತಕಗಳನ್ನು ತೆರೆದೂ ನೋಡದೆ ತಿರಸ್ಕರಿಸುವುದು ಅವರಿಗೆ ಮಾಡುವ ಅನ್ಯಾಯ.

ಆದುದರಿಂದ ತಮ್ಮಲ್ಲಿ ನನ್ನ ಕೋರಿಕೆ ಎರಡು. ಪುಸ್ತಕ ವಿಮರ್ಶೆಯ ಪುಟದಲ್ಲಿ ಇಂಥ ಕಾದಂಬರಿಗಳಿಗೂ, ಅವುಗಳನ್ನು ಪೂರ್ತಿಯಾಗಿ ಓದಿದ ವಿಮರ್ಶಕರಿಂದ ಬರೆಯಿಸಿ, ಜಾಗ ನೀಡಬೇಕು. ಜೊತೆಗೆ, ಅನ್ಯಭಾಷೆಗಳ ಕೃತಿಗಳನ್ನು ಕನ್ನಡಕ್ಕೆ ತರುವ ಹೊಣೆ ಹೊತ್ತಿರುವ ಕುವೆಂಪು ಭಾಷಾ ಭಾರತಿ ಪ್ರಾಧಿಕಾರವೂ ಖಾಸಗಿ ಪ್ರಕಾಶಕರೂ ಗೋಮೆಜ್ ಅವರ ಈ ಕಾದಂಬರಿಯನ್ನು ಪರಿಗಣಿಸುವಂತೆ ತಮ್ಮ ಪತ್ರಿಕೆ ಒತ್ತಾಯಿಸಬೇಕು. ಪ್ರಕಟಣೆಯ ಇಪ್ಪತ್ತೈದು ವರ್ಷದ ನೆನಪಿಗಾಗಿ 2016ರಲ್ಲಿ ಸಿಟಿ ಲೈಟ್ಸ್ ಪ್ರಕಾಶನ ಹೊರತಂದ ಆವೃತ್ತಿಯನ್ನು ಅನುವಾದಕರು ಆಧಾರವಾಗಿ ಇಟ್ಟುಕೊಳ್ಳಬಹುದು.

ಇಂತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಅಧ್ಯಾಪಕಿ
ಶಿವಮೊಗ್ಗ